ಹಿತ್ತಿಲ ಬಾಗಿಲಿನ ಚಿಲ್ಲರೆ

ನಮ್ಮಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ನಮ್ಮೂರಿಗೇ ನೈಟ್ ಹಾಲ್ಟ್ ಬಿದ್ದ ದಿನ ಅವರ ಚರ್ಮದ ಚೀಲ ಮನೆಗೆ ಬರುತ್ತಿತ್ತು. ಊಟವಾದ ಮೇಲೆ ಚಾಪೆ ಹಾಸಿ ಅದನ್ನು ಬೋರಲು ಹಾಕುತ್ತಿದ್ದರು. ನಾಣ್ಯಗಳನ್ನು ಹತ್ತತ್ತರ ಗೋಪುರ ಮಾಡಿ ನಿಲ್ಲಿಸುವ ಕೆಲಸ ನನ್ನದು. ವೇಬಿಲ್ಲಿನ ಮೊತ್ತಕ್ಕೂ ಚಾಪೆಯ ಮೇಲಿನ ಮೊತ್ತಕ್ಕೂ ತಾಳೆಯಾಗುವವರೆಗೆ ಅಪ್ಪ ಮಲಗುತ್ತಿರಲಿಲ್ಲ. ಕಡಿಮೆ ಬಂದರೆ ಸರಿ, ಕೈಯಿಂದ ತುಂಬಬೇಕು. ಆದರೆ ಹೆಚ್ಚು ಬಂದ ದಿನವೇ ಅವರ ಮುಖ ಹೆಚ್ಚು ಬಾಡುತ್ತಿತ್ತು. ಯಾರದೋ ಚಿಲ್ಲರೆ ತಮ್ಮ ಚೀಲದಲ್ಲೇ ಉಳಿದುಹೋಯಿತು ಎಂದು ಅದರ ಅರ್ಥ. ಟಿಕೆಟ್ಟಿನ ಹಿಂದೆ ಬರೆದು ಸುತ್ತು ಹಾಕಿ ಕೊಟ್ಟ ಬಾಕಿಯನ್ನು ಕೇಳಲು ಮರೆತು ಯಾರೋ ಇಳಿದುಹೋಗಿದ್ದಾರೆ.

ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ನನಗೆ ಕೆಲವು ವರ್ಷಗಳಿಂದ ಅಂಥದೇ ಒಂದು ಚಾಪೆ ಸಿಕ್ಕಿದೆ. ರಾತ್ರಿ ಅಡುಗೆಮನೆ ತೊಳೆದು ದೀಪ ಆರಿಸಿದ ಮೇಲೆ ಲ್ಯಾಪ್‌ಟಾಪ್ ತೆರೆದು ಬಿಟ್‌ಕಾಯಿನ್ ವಹಿವಾಟುಗಳನ್ನು ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ಓದುತ್ತೇನೆ. ಕೊಳ್ಳುವುದು ಮಾರುವುದು ಅಲ್ಲ, ಓದುವುದು. ಬೆಲೆ ಏರಿತೇ ಇಳಿಯಿತೇ ಎಂದು ನಾನು ನೋಡಲು ಹೋಗುವುದಿಲ್ಲ. ಎಡಗಡೆ ಬಂದದ್ದು, ಬಲಗಡೆ ಹೋದದ್ದು, ಅದರಲ್ಲಿ ಚಿಲ್ಲರೆ ಯಾವುದು ಎಂದು ಹುಡುಕುವುದರಲ್ಲೇ ನನಗೆ ಒಂದು ಗಂಟೆ ಕಳೆಯುತ್ತದೆ. ಆ ಒಂದು ಗಂಟೆಗಾಗಿ ನಾನು ಇಡೀ ದಿನ ಕಾಯುತ್ತೇನೆ.

ನಾವು ನೋಟನ್ನು ‘ಮುರಿಸುತ್ತೇವೆ’. ಐನೂರು ಮುರಿಸಿಕೊಂಡು ಬಾ ಎಂದು ಮಕ್ಕಳನ್ನು ಅಂಗಡಿಗೆ ಕಳಿಸುತ್ತೇವೆ. ನಿಜವಾಗಿ ಆ ನೋಟು ಮುರಿಯುವುದಿಲ್ಲ, ಇಡಿಯಾಗಿಯೇ ಅಂಗಡಿಯವರ ಗಲ್ಲಾಪೆಟ್ಟಿಗೆಯಲ್ಲಿ ಹೋಗಿ ಕೂರುತ್ತದೆ. ಬಿಟ್‌ಕಾಯಿನ್‌ನಲ್ಲಿ ಮಾತ್ರ ನಮ್ಮ ಮಾತು ಅಕ್ಷರಶಃ ನಿಜವಾಗುತ್ತದೆ. ಅಲ್ಲಿ ‘ಖಾತೆಯಲ್ಲಿ ಇಷ್ಟಿದೆ’ ಎಂಬ ಸಾಲು ಎಲ್ಲಿಯೂ ಇಲ್ಲ. ಹಿಂದೆ ಯಾರೋ ಕೊಟ್ಟ, ನಾವಿನ್ನೂ ಖರ್ಚು ಮಾಡದ ತುಂಡುಗಳಿವೆ, ಅಷ್ಟೆ. ವ್ಯಾಲೆಟ್ ಅವುಗಳನ್ನು ಕೂಡಿಸಿ ಒಂದು ಮೊತ್ತ ತೋರಿಸುತ್ತದೆ. ತುಂಡೊಂದನ್ನು ಖರ್ಚಿಗೆ ಎತ್ತಿಕೊಂಡರೆ ಅದರಲ್ಲಿ ಅರ್ಧ ಬಳಸಿ ಅರ್ಧ ಬಿಡುವಂತಿಲ್ಲ. ಅದು ಪೂರ್ತಿಯಾಗಿ ಮುರಿದು ಇಲ್ಲವಾಗಿ, ಅದರ ಜಾಗದಲ್ಲಿ ಹೊಸ ತುಂಡುಗಳು ಹುಟ್ಟುತ್ತವೆ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಬಿಟ್‌ಕಾಯಿನ್ ಎಂದರೆ 10 ಕೋಟಿ ಸಾತೋಶಿ. ನನ್ನಲ್ಲಿ 1,00,000 ಸಾತೋಶಿಯ ಒಂದೇ ತುಂಡಿದೆ, ಒಬ್ಬರಿಗೆ 30,000 ಕೊಡಬೇಕು. ಈಗ ಬಳಕೆಯಲ್ಲಿರುವ ಸಾಮಾನ್ಯ ಬಗೆಯ ವಿಳಾಸಗಳಾದರೆ ಒಂದು ಒಳಬರುವ ತುಂಡು, ಎರಡು ಹೊರಹೋಗುವ ತುಂಡು ಇರುವ ವಹಿವಾಟಿನ ಗಾತ್ರ ಸುಮಾರು 141 ವರ್ಚುವಲ್ ಬೈಟ್. ಬೈಟಿಗೆ 2 ಸಾತೋಶಿಯಂತೆ ಶುಲ್ಕ 282. ಹಾಗಾಗಿ ಬಲಗಡೆ ಎರಡು ಸಾಲು ಕಾಣುತ್ತವೆ: ಒಂದು 30,000, ಇನ್ನೊಂದು 69,718. ಶುಲ್ಕಕ್ಕೆ ಬೇರೆ ಸಾಲೇ ಇಲ್ಲ. ಎಡಗಡೆಯ ಮೊತ್ತದಲ್ಲಿ ಬಲಗಡೆಯ ಮೊತ್ತ ಕಳೆದು ಉಳಿದದ್ದು ವಹಿವಾಟುಗಳನ್ನು ಒಟ್ಟುಗೂಡಿಸಿ ಬ್ಲಾಕ್ ಕಟ್ಟುವ ಮೈನರ್‌ಗೆ ಸೇರಿದ್ದು. ಚಿಲ್ಲರೆಯ ಸಾಲನ್ನು ಬರೆಯಲು ಮರೆತರೆ ಆ 69,718 ಕೂಡ ಶುಲ್ಕವಾಗಿಯೇ ಹೋಗುತ್ತದೆ. ಕೇಳಿ ಪಡೆಯಲು ಕಂಡಕ್ಟರ್ ಇಲ್ಲ. ಚಿಲ್ಲರೆಯನ್ನು ನಮಗೆ ನಾವೇ ಬರೆದುಕೊಳ್ಳಬೇಕು.

ಆ ಎರಡನೇ ಸಾಲಿನ ಎದುರಿಗೆ ಇರುವುದು ಯಾರ ವಿಳಾಸ? ನನ್ನದೇ. ಆದರೆ ನಾನು ಯಾರಿಗೂ ಕೊಟ್ಟಿರದ, ನಾನೂ ಇದುವರೆಗೆ ನೋಡಿರದ ವಿಳಾಸ. ಮೊದಲ ಸಲ ನೋಡಿದವರ ಎದೆ ಧಸಕ್ಕೆನ್ನುವುದು ಇಲ್ಲಿಯೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ಬೆಳಗ್ಗೆ ಫೋನ್ ಮಾಡಿ, “ಮೇಡಂ, ದುಡ್ಡೆಲ್ಲ ಹೋಯ್ತು” ಎಂದ. ಅವನ ದನಿ ನಡುಗುತ್ತಿತ್ತು. 15 ಲಕ್ಷ ಸಾತೋಶಿಯಲ್ಲಿ ಗೆಳೆಯನಿಗೆ 2 ಲಕ್ಷ ಕಳಿಸಿದ್ದಾನೆ. ಕುತೂಹಲಕ್ಕೆ ಸಾರ್ವಜನಿಕ ಲೆಕ್ಕದಲ್ಲಿ ನೋಡಿದರೆ 12,98,590 ಸಾತೋಶಿ ಗೊತ್ತಿಲ್ಲದ ಯಾವುದೋ ವಿಳಾಸಕ್ಕೆ ಹೋಗಿದೆ!

“ಮನೆಗೆ ಬಾರೋ, ಲ್ಯಾಪ್‌ಟಾಪ್ ತಗೊಂಡು ಬಾ” ಎಂದೆ. ಅವನು ಬಳಸುತ್ತಿದ್ದದ್ದು ಎಲೆಕ್ಟ್ರಮ್ ಎಂಬ ವ್ಯಾಲೆಟ್. ಅದರಲ್ಲಿ ವಿಳಾಸಗಳ ಪಟ್ಟಿ ತೆರೆಸಿದೆ. ಬೇರೆಯವರಿಗೆ ಕೊಡುವ ವಿಳಾಸಗಳು ಹಸಿರು ಬಣ್ಣದಲ್ಲಿ, ಚಿಲ್ಲರೆಯ ವಿಳಾಸಗಳು ಹಳದಿಯಲ್ಲಿ ಇರುತ್ತವೆ. ಹಳದಿ ಸಾಲುಗಳಲ್ಲಿ ಮೊದಲನೆಯದರ ಕೊನೆಯ ಆರು ಅಕ್ಷರಗಳನ್ನು ಬೆರಳಿಟ್ಟು ಓದಿಸಿದೆ, ಲೆಕ್ಕದಲ್ಲಿದ್ದ ‘ಗೊತ್ತಿಲ್ಲದ’ ವಿಳಾಸದ ಕೊನೆಯ ಆರನ್ನೂ ಓದಿಸಿದೆ. ಎರಡೂ ಒಂದೇ. ಅವನು ಮೂರು ಸಲ ಓದಿದ. ಆಮೇಲೆ ಕಾಫಿ ಲೋಟ ಕೈಗೆತ್ತಿಕೊಂಡ. ಅದು ಆರಿ ಎಷ್ಟೋ ಹೊತ್ತಾಗಿತ್ತು.

ವ್ಯಾಲೆಟ್‌ನ ಒಳಗಿನ ಈ ಏರ್ಪಾಡು ನನಗೆ ಹಳೆಯ ಮನೆಗಳ ಕಟ್ಟಡದಂತೆ ಕಾಣುತ್ತದೆ. ಒಂದೇ ಬೀಜದಿಂದ ವಿಳಾಸಗಳ ಹಣ ಬಿಡಿಸುವ ಕೀಲಿಗಳನ್ನು ಲೆಕ್ಕವಿಲ್ಲದಷ್ಟು ಸಾಲಾಗಿ ಹುಟ್ಟಿಸುವ ಕ್ರಮವನ್ನು ಪೀಟರ್ ವುಯಿಲೆ 2012ರಲ್ಲಿ ಮುಂದಿಟ್ಟರು. ಆ ಕೀಲಿಗಳನ್ನು ಜೋಡಿಸಿಡುವ ದಾರಿಯನ್ನು 2014ರಲ್ಲಿ ಬಿಪ್ 44 ಎಂಬ ಪ್ರಸ್ತಾವ ಗೊತ್ತು ಮಾಡಿತು. ಆ ದಾರಿಯ ಕೊನೆಯ ಅಂಕಿಗೆ ಹಿಂದಿನ ಅಂಕಿ ಎರಡೇ ಬೆಲೆ ತಾಳುತ್ತದೆ: 0 ಅಥವಾ 1. ಸೊನ್ನೆ ಎಂದರೆ ತಲೆಬಾಗಿಲು, ಬೇರೆಯವರು ಹಣ ತಂದುಕೊಡುವ ಕಡೆ. ಒಂದು ಎಂದರೆ ಹಿತ್ತಿಲ ಬಾಗಿಲು, ನಮ್ಮ ಚಿಲ್ಲರೆ ಒಳಬರುವ ಕಡೆ. ನೆಂಟರಿಗೆ ಹಿತ್ತಿಲ ಬಾಗಿಲಿನ ಗುರುತು ಹೇಳುವುದಿಲ್ಲ, ಮನೆಯವರು ಮಾತ್ರ ಅದರಲ್ಲಿ ಓಡಾಡುತ್ತಾರೆ. ಬೀಜವನ್ನು ಬರೆದಿಟ್ಟುಕೊಂಡ ಪದಗಳು ಭದ್ರವಾಗಿದ್ದರೆ ಎರಡೂ ಬಾಗಿಲುಗಳ ಎಲ್ಲ ಕೀಲಿಗಳೂ ಮತ್ತೆ ಸಿಗುತ್ತವೆ.

ಈ ಏರ್ಪಾಡು ಬರುವ ಮುಂಚೆ ಪ್ರತಿಯೊಂದು ಕೀಲಿಯೂ ಹಿಂದುಮುಂದಿನ ಸಂಬಂಧವಿಲ್ಲದೆ ಒಂಟಿಯಾಗಿ ಹುಟ್ಟುತ್ತಿತ್ತು. 2010ರಲ್ಲಿ ಒಬ್ಬರು ತಮ್ಮ 9,000 ಬಿಟ್‌ಕಾಯಿನ್‌ಗಳಿದ್ದ ವ್ಯಾಲೆಟ್ ಕಡತದ ಪ್ರತಿ ತೆಗೆದಿಟ್ಟುಕೊಂಡು, ಪರೀಕ್ಷೆಗೆಂದು ತಮ್ಮದೇ ಇನ್ನೊಂದು ವಿಳಾಸಕ್ಕೆ 1 ಬಿಟ್‌ಕಾಯಿನ್ ಕಳಿಸಿಕೊಂಡರು. ಉಳಿದ 8,999 ಆಗಷ್ಟೇ ಹುಟ್ಟಿದ ಹೊಸ ಕೀಲಿಯೊಂದಕ್ಕೆ ಚಿಲ್ಲರೆಯಾಗಿ ಹೋಯಿತು. ಪ್ರತಿಯಲ್ಲಿ ಆ ಕೀಲಿ ಇರಲಿಲ್ಲ, ಮೂಲ ಕಡತ ಅಳಿಸಿಹೋಗಿತ್ತು. ಒಂದನ್ನು ಕಳಿಸಿ 8,999 ಕಳೆದುಕೊಂಡ ಆ ಮನುಷ್ಯನನ್ನು ನೆನೆದಾಗ ನನಗೆ ಇವತ್ತಿಗೂ ಕರುಳು ಚುರ್ ಎನ್ನುತ್ತದೆ. ‘ಚಿಲ್ಲರೆ ವಿಷಯ’ ಎಂದು ನಾವು ಹಗುರವಾಗಿ ಹೇಳಿಬಿಡುತ್ತೇವೆ. ಇಲ್ಲಿ ಬಹಳ ಸಲ ಆಸ್ತಿಯ ಬಹುಪಾಲು ಚಿಲ್ಲರೆಯಲ್ಲೇ ಇರುತ್ತದೆ.

ಹಿತ್ತಿಲ ಬಾಗಿಲು ಯಾಕೆ ಬೇಕು, ಬಂದ ವಿಳಾಸಕ್ಕೇ ಚಿಲ್ಲರೆ ಹಿಂತಿರುಗಿದರೆ ಆಗದೇ? ಆಗುತ್ತದೆ. ಆದರೆ ಈ ಲೆಕ್ಕದ ಪುಸ್ತಕ ಊರೆಲ್ಲ ಓದುವ ಪುಸ್ತಕ. ಹಾಲಿನವರಿಗೆ ಹಣ ಕೊಟ್ಟ ಮರುಕ್ಷಣ ಅವರು ನಮ್ಮ ಜೇಬಿನಲ್ಲಿ ಇನ್ನೆಷ್ಟು ಉಳಿದಿದೆ ಎಂದು ಎಣಿಸಬಹುದು, ನಾಳೆ ಅದನ್ನು ಯಾರಿಗೆ ಕೊಟ್ಟೆವೆಂದೂ ನೋಡಬಹುದು. ಬಿಟ್‌ಕಾಯಿನ್ ರೂಪಿಸಿದ ಸಾತೋಶಿ ನಾಕಾಮೋಟೋ 2008ರ ಪ್ರಬಂಧದಲ್ಲೇ ಪ್ರತಿ ವಹಿವಾಟಿಗೂ ಹೊಸ ಕೀಲಿ ಬಳಸುವುದು ಒಳ್ಳೆಯದು ಎಂದು ಹೇಳಿದ್ದರು. ಹೊಸ ವಿಳಾಸವಾದರೆ ಹೊರಗಿನವರಿಗೆ ಎರಡು ಅಪರಿಚಿತ ಸಾಲುಗಳು ಕಾಣುತ್ತವೆ. ಪಾವತಿ ಯಾವುದು, ಚಿಲ್ಲರೆ ಯಾವುದು ಎಂದು ಪುಸ್ತಕ ಹೇಳುವುದಿಲ್ಲ.

ನನ್ನ ರಾತ್ರಿಯ ಆಟ ಶುರುವಾಗುವುದು ಇಲ್ಲಿಂದ. ಎಡಗಡೆ 40,000 ಮತ್ತು 35,000 ಸಾತೋಶಿಯ ಎರಡು ತುಂಡುಗಳಿವೆ ಎನ್ನಿ. ಬಲಗಡೆ 58,340 ಮತ್ತು 16,242. ಶುಲ್ಕ 418. ಎರಡೂ ದುಂಡು ಸಂಖ್ಯೆಗಳಲ್ಲ. 50,000 ಎಂದೇನಾದರೂ ಇದ್ದಿದ್ದರೆ ಅದೇ ಪಾವತಿ ಎಂದು ಬೆರಳಿಟ್ಟು ತೋರಿಸಬಹುದಿತ್ತು, ಮನುಷ್ಯರು ದುಂಡಾಗಿ ಕೊಡುತ್ತಾರೆ, ಚಿಲ್ಲರೆ ಮೂಲೆಮೂಲೆಯಾಗಿ ಉಳಿಯುತ್ತದೆ. ಈಗ ಹೇಗೆ ಹೇಳುವುದು? ಕೊಡಬೇಕಾಗಿದ್ದದ್ದು 16,242 ಆಗಿದ್ದರೆ ಒಂದೇ ತುಂಡು ಸಾಕಿತ್ತು, ಇನ್ನೊಂದನ್ನು ಯಾಕೆ ಮುರಿಯಬೇಕಿತ್ತು? ಎರಡನ್ನೂ ಎತ್ತಿದ್ದಾರೆ ಎಂದರೆ ಕೊಡಬೇಕಾದದ್ದು ಒಂದಕ್ಕೆ ಮೀರಿದ್ದು. ಹಾಗಾದರೆ 58,340 ಪಾವತಿ, 16,242 ಚಿಲ್ಲರೆ. ಇದು ಹೊಳೆದ ಮೊದಲ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಯಾರು, ಎಲ್ಲಿ, ಯಾತಕ್ಕೆ ಎಂಬ ಒಂದೂ ತಿಳಿಯದೆ, ಒಬ್ಬ ಮನುಷ್ಯ ಜೇಬಿನಿಂದ ಎರಡು ನೋಟು ತೆಗೆದದ್ದನ್ನು ನೋಡಿ ಅವನ ಅಗತ್ಯವನ್ನು ಊಹಿಸಿದ್ದೆ.

ಇದು ಊಹೆ, ಪ್ರಮಾಣವಲ್ಲ. ಅದನ್ನು ಒತ್ತಿ ಹೇಳಬೇಕು. ಚಿಕ್ಕ ಪುಡಿ ತುಂಡುಗಳನ್ನು ಶುಲ್ಕ ಕಡಿಮೆಯಿದ್ದಾಗ ಒಟ್ಟುಗೂಡಿಸಿಕೊಳ್ಳಲೆಂದೇ ಎರಡು ಮೂರು ಎತ್ತುವವರೂ ಇರುತ್ತಾರೆ, ಆಗ ನನ್ನ ತರ್ಕ ಮಗುಚಿಬೀಳುತ್ತದೆ. 2013ರಲ್ಲಿ ಸಾರಾ ಮೈಕಲ್‌ಜಾನ್ ಮತ್ತು ಜೊತೆಗಾರರು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಮಾಡಿದ ಪ್ರಸಿದ್ಧ ಅಧ್ಯಯನ ಚಿಲ್ಲರೆಯ ಗುರುತು ಹಿಡಿದೇ ವಿಳಾಸಗಳನ್ನು ಗುಂಪುಗೂಡಿಸಿತು. ಅವರೂ ತಪ್ಪು ಹೆಜ್ಜೆ ಬೀಳದಂತೆ ನಿಯಮವನ್ನು ಮತ್ತೆ ಮತ್ತೆ ಬಿಗಿ ಮಾಡಬೇಕಾಯಿತು. ಒಂದು ಚಿಲ್ಲರೆಯನ್ನು ತಪ್ಪಾಗಿ ಗುರುತಿಸಿದರೂ ಸಾಕು, ಸಂಬಂಧವೇ ಇಲ್ಲದ ಇಬ್ಬರನ್ನು ಒಂದೇ ಮನೆಯವರೆಂದು ಬರೆದಂತಾಗುತ್ತದೆ. ನನ್ನ ಆಟ ಸಂಖ್ಯೆಗಳ ಜೊತೆ. ಅದರ ಹಿಂದಿನ ಮನುಷ್ಯರ ಹೆಸರು ಹುಡುಕಲು ನಾನು ಹೋಗುವುದಿಲ್ಲ, ಹೋಗಲೂ ಬಾರದು.

ಬಸ್ಸಿನಲ್ಲಿ ‘ಸರಿಯಾದ ಚಿಲ್ಲರೆ ಕೊಟ್ಟು ಸಹಕರಿಸಿ’ ಎಂಬ ಬರಹ ಇರುತ್ತದಲ್ಲ, ವ್ಯಾಲೆಟ್‌ಗಳೂ ಹಾಗೆ ಪ್ರಯತ್ನಿಸುತ್ತವೆ. ಇರುವ ತುಂಡುಗಳಲ್ಲಿ ಯಾವ ಯಾವುದನ್ನು ಕೂಡಿಸಿದರೆ ಪಾವತಿಗೂ ಶುಲ್ಕಕ್ಕೂ ಸರಿಹೋಗಿ ಚಿಲ್ಲರೆಯೇ ಹುಟ್ಟುವುದಿಲ್ಲ ಎಂದು ಹುಡುಕುವ ವಿಧಾನವನ್ನು ಮಾರ್ಕ್ ಎರ್ಹಾರ್ಟ್ 2016ರ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ವಿವರಿಸಿದರು. 2018ರಲ್ಲಿ ಅದು ಬಿಟ್‌ಕಾಯಿನ್ ಕೋರ್ ತಂತ್ರಾಂಶಕ್ಕೆ ಸೇರಿತು. ಚಿಲ್ಲರೆಯಿಲ್ಲದ ವಹಿವಾಟಿಗೆ ಬಲಗಡೆ ಒಂದೇ ಸಾಲು. ಅಂಥದು ಕಂಡಾಗ ನನಗೆ ಕಂಡಕ್ಟರ್ ಮಗಳ ಖುಷಿ. ಇನ್ನು ಚಿಲ್ಲರೆ ತೀರ ಪುಡಿಯಾದರೆ, ಹೊಸ ಬಗೆಯ ವಿಳಾಸಕ್ಕೆ 294 ಸಾತೋಶಿಗಿಂತ, ಹಳೆಯ ಬಗೆಗೆ 546ಕ್ಕಿಂತ ಕಡಿಮೆಯಾದರೆ, ಅದನ್ನು ‘ಧೂಳು’ ಎಂದು ಎಣಿಸಿ ಶುಲ್ಕಕ್ಕೇ ಬಿಟ್ಟುಬಿಡುತ್ತಾರೆ. 2011ರ ಜೂನ್ ಕೊನೆಗೆ ನಾಲ್ಕಾಣೆ ಚಲಾವಣೆ ನಿಂತಾಗ ಅಪ್ಪ ಚೀಲದ ಮೂಲೆಯಿಂದ ಒಂದನ್ನು ತೆಗೆದು ದೇವರ ಗೂಡಿನಲ್ಲಿ ಇಟ್ಟಿದ್ದರು. ಈಗಲೂ ಅಲ್ಲೇ ಇದೆ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ 170ನೇ ಬ್ಲಾಕ್ ತೋರಿಸಿದೆ. 2009ರ ಜನವರಿ 12. ಒಬ್ಬರಿಂದ ಇನ್ನೊಬ್ಬರಿಗೆ ಬಿಟ್‌ಕಾಯಿನ್ ಹೋದ ಮೊದಲ ದಿನ. ನಾಕಾಮೋಟೋ 9ನೇ ಬ್ಲಾಕಿನಿಂದ ಬಂದ 50ರ ತುಂಡನ್ನು ಮುರಿದು ಹಾಲ್ ಫಿನ್ನಿ ಎಂಬವರಿಗೆ 10 ಕೊಟ್ಟರು. ಉಳಿದ 40 ಬಂದ ಕೀಲಿಗೇ ಹಿಂತಿರುಗಿತು. ಹಿತ್ತಿಲ ಬಾಗಿಲು ಅಂದು ಬಳಕೆಗೆ ಬರಲಿಲ್ಲ, ಹಾಗಾಗಿಯೇ ಆ ತುಂಡಿನ ಜಾಡನ್ನು ಯಾರಾದರೂ ಹಿಡಿಯಬಹುದು. ಶುಲ್ಕವೂ ಇಲ್ಲ, ಆದ್ದರಿಂದ ಲೆಕ್ಕ ಕನ್ನಡಿಯಷ್ಟು ಸ್ಪಷ್ಟ. ನಾನು ಓದುತ್ತಾ ಹೋದೆ, ಅಪ್ಪ ಕನ್ನಡಕ ಏರಿಸಿಕೊಂಡು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಾ ಬಂದರು. 40 ಮುರಿದು 10 ಕೊಟ್ಟರು, 30 ಉಳಿಯಿತು. ಅದನ್ನು ಮುರಿದು 1, ಉಳಿದದ್ದು 29. ಮತ್ತೆ 1, 28. ಆಮೇಲೆ 10.

“ಹದಿನೆಂಟು ಉಳೀತು” ಎಂದರು ಅಪ್ಪ, ನಾನು ಹೇಳುವ ಮೊದಲೇ.

“ಹೂಂ. ಆ 18 ಅಲ್ಲೇ ಇದೆ ಅಪ್ಪ. ಅಲ್ಲಿಂದ ಅದನ್ನ ಯಾರೂ ಮುಟ್ಟಿಲ್ಲ.”

ಅವರು ಪರದೆಯ ಮೇಲಿನ ಆ ಸಾಲನ್ನೇ ನೋಡುತ್ತಾ ಕೂತರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡು ಮತ್ತೆ ಹಾಕಿಕೊಂಡರು.

“ಇಷ್ಟು ವರ್ಷ ಆಯ್ತು,” ಎಂದರು, “ಕೇಳೋಕೆ ಬರಲೇ ಇಲ್ವೇನಮ್ಮ?”