ನೆಲದ ನುಡಿ, ಯೋಜನೆಯ ನುಡಿ

ಒಂದು ಜಿಲ್ಲೆಯ ಮುಂದಿನ ಇಪ್ಪತ್ತು ವರ್ಷಗಳ ಬದುಕನ್ನು ರೂಪಿಸಬೇಕಾದವರು ಯಾರು? ರಾಜಧಾನಿಯಲ್ಲಿ ನಕಾಶೆ ಹರಡಿಕೊಂಡು ಕುಳಿತ ತಜ್ಞರೇ, ಆ ನಕಾಶೆಯಲ್ಲಿ ಚುಕ್ಕೆಯಾಗಿಯೂ ಕಾಣದ ಊರಿನಲ್ಲಿ ಬೇಸಗೆಯ ನೀರಿಗೆ ಕಾಯುವವರೇ? ಸ್ವತಂತ್ರ ಭಾರತ ಬಹುಕಾಲ ನೆಚ್ಚಿದ್ದು ಮೊದಲನೆಯವರನ್ನು. ಕರ್ನಾಟಕ 1983ರ ಕಾಯಿದೆಯಿಂದಲೂ 1987ರ ಜಿಲ್ಲಾ ಪರಿಷತ್ ಚುನಾವಣೆಯಿಂದಲೂ ಬೇರೊಂದು ದಾರಿ ತೋರಿತು. ಅಬ್ದುಲ್ ನಜೀರ್ ಸಾಬರನ್ನು ನಾಡು ಇಂದಿಗೂ ನೆನೆಯುವುದು ಅದಕ್ಕಾಗಿ. 1992ರ ಸಂವಿಧಾನ ತಿದ್ದುಪಡಿಗಳು ಆ ದಾರಿಯನ್ನು ದೇಶಕ್ಕೆಲ್ಲ ವಿಸ್ತರಿಸಿದವು. ಹಳ್ಳಿ ಪಟ್ಟಣಗಳ ಯೋಜನೆಗಳನ್ನು ಒಂದುಗೂಡಿಸಲು ಜಿಲ್ಲಾ ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಸದಸ್ಯರು ಚುನಾಯಿತರಾಗಿರಬೇಕು ಎಂಬುದು ಅಲ್ಲಿನ ವಿಧಿ.

ಈ ವಿಧಿಯ ಆಶಯಕ್ಕೆ ಜೀವ ತುಂಬುವ ದೊಡ್ಡ ಪ್ರಯತ್ನ ನಡೆದುದು ಕೇರಳದಲ್ಲಿ. 1996ರ ಆಗಸ್ಟ್ 17ರಂದು ಆರಂಭವಾದ ಜನಕೀಯ ಯೋಜನಾ ಆಂದೋಲನವು ರಾಜ್ಯದ ಯೋಜನಾ ಹಣದ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗಿತ್ತಿತು. ಮೊದಲು ಗ್ರಾಮಸಭೆ, ಅನಂತರ ಊರಿನ ನೆಲ, ಜಲ, ಕಸುಬುಗಳ ವಿವರವುಳ್ಳ ಅಭಿವೃದ್ಧಿ ವರದಿ, ಅದರ ಮೇಲೆ ವಿಚಾರಸಂಕಿರಣ, ಕೊನೆಗೆ ಕಾರ್ಯಯೋಜನೆ. ಹಣ ಹಂಚುವ ಮೊದಲು ಊರು ತನ್ನನ್ನು ತಾನು ಅರಿಯಬೇಕೆಂಬುದು ಇದರ ತಿರುಳು.

ಕನ್ನಡಿಗರಿಗೆ ಇದು ಹೊರಗಿನ ಕಥೆಯಲ್ಲ. 1956ರವರೆಗೆ ದಕ್ಷಿಣ ಕನ್ನಡದ ಅಂಗವಾಗಿದ್ದು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಕಾಸರಗೋಡೂ ಈ ಆಂದೋಲನದ ಕಣವೇ. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕನ್ನಡ, ತುಳು, ಮಲಯಾಳಂ, ಕೊಂಕಣಿ, ಬ್ಯಾರಿ ನುಡಿಗಳು ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಅಲ್ಲಿನ ಮುರಕಲ್ಲಿನ ಗುಡ್ಡಗಳನ್ನು ಅಡ್ಡಲಾಗಿ ಕೊರೆದು ಹಿರಿಯರು ಸುರಂಗಗಳನ್ನು ತೋಡಿದರು. ಒಬ್ಬನೇ ನುಸುಳುವಷ್ಟು ಅಗಲದ ಆ ದಾರಿಯಲ್ಲಿ ಒಸರುವ ನೀರು ಯಂತ್ರದ ಹಂಗಿಲ್ಲದೆ ಕೆಳಗಿನ ಕೆರೆಗೆ ಇಳಿಯುತ್ತದೆ. ಮಳೆಗಾಲ ಮುಗಿದೊಡನೆ ತೋಡುಗಳಿಗೆ ಹಾಕುವ ಕಟ್ಟ, ಗುಡ್ಡದ ನೀರನ್ನು ತಡೆದು ಇಂಗಿಸುವ ಮದಕ, ಎರಡು ಗುಡ್ಡಗಳ ನಡುವಿನ ಬೈಲು: ಇವು ಬರಿಯ ಪದಗಳಲ್ಲ, ಒಂದೊಂದೂ ತಲೆಮಾರುಗಳ ಜಲನೀತಿ. ಈ ಪದಗಳನ್ನರಿಯದೆ ಬರೆದ ಯೋಜನೆಯಲ್ಲಿ ಉಳಿಯುವುದು ಕೊಳವೆಬಾವಿಗಳ ಲೆಕ್ಕ ಮಾತ್ರ.

ಊರಿನ ಮಾತು ಕಿವಿಗೆ ಬೀಳದಿದ್ದರೆ ಏನಾಗುತ್ತದೆಂಬುದಕ್ಕೂ ಅದೇ ಜಿಲ್ಲೆ ಸಾಕ್ಷಿ. ಅಲ್ಲಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚುಕಾಲ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರಡಿಯಲ್ಲಿ ಬದುಕಿದವರನ್ನು ಯಾರೂ ಕೇಳಲಿಲ್ಲ. ದೇಶಾದ್ಯಂತ ಅದನ್ನು ತಡೆಯುವ ಸುಪ್ರೀಂ ಕೋರ್ಟಿನ ಆದೇಶ ಬಂದುದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳ ಬಾಳು ಮುರುಟಿಹೋಗಿತ್ತು.

ಹಾಗೆಂದು ಗ್ರಾಮಸಭೆಯೊಂದೇ ಸರ್ವೌಷಧವಲ್ಲ. ಮೊದಲ ವರ್ಷಗಳ ಉತ್ಸಾಹ ಇಳಿದ ಮೇಲೆ ಹಲವೆಡೆ ಸಭೆಗಳು ಸವಲತ್ತು ಹಂಚುವ ಪಟ್ಟಿಗಳಿಗೆ ಸೀಮಿತವಾದವು; ಉಳ್ಳವರು ದೂರ ಉಳಿದರು. 2011ರ ಜನಗಣತಿಯ ವೇಳೆಗೆ ಕೇರಳದ ಶೇಕಡ 47ಕ್ಕೂ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ಹಳ್ಳಿ ಎಲ್ಲಿ ಮುಗಿಯಿತು, ಪೇಟೆ ಎಲ್ಲಿ ತೊಡಗಿತು ಎಂದು ಹೇಳಲಾಗದಲ್ಲಿ ಮನೆಗಾಗಿ ಬೈಲು ತುಂಬಿಸುವವನೂ, ನೀರಿಲ್ಲವೆಂದು ದೂರುವವನೂ ಒಬ್ಬನೇ ಆಗಿರಬಹುದು. ನದಿಗಂತೂ ಗಡಿಯ ಪರಿವೆಯಿಲ್ಲ: ಕೊಡಗಿನಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯವನ್ನು ಹಾಯ್ದು ಕಾಸರಗೋಡಿನ ಚಂದ್ರಗಿರಿಯನ್ನು ಸೇರುತ್ತದೆ. ಜಿಲ್ಲೆಯ ಯೋಜನೆ ಆ ಜಿಲ್ಲೆಯ ಅಂಚಿನಲ್ಲೇ ನಿಂತರೆ ಹೊಳೆಯ ಅರ್ಧ ಕಥೆ ಹೊರಗುಳಿಯುತ್ತದೆ.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ನುಡಿಯಲ್ಲೇ ವ್ಯವಹರಿಸುವ ಹಕ್ಕು ನೀಡಿತು. ಅರ್ಜಿ ಬರೆಯುವ ಹಕ್ಕು ಅದು. ನಾಳೆಯನ್ನು ಬರೆಯುವುದು ಅದಕ್ಕಿಂತ ದೊಡ್ಡದು. ಗ್ರಾಮಸಭೆಯಲ್ಲಿ ಎದ್ದುನಿಂತ ವೃದ್ಧೆಯೊಬ್ಬಳು ತನ್ನ ಮನೆಮಾತಿನಲ್ಲಿ ಬತ್ತಿದ ಸುರಂಗದ ವಿಷಯ ಹೇಳಿದರೆ, ಆ ಮಾತು ಅರ್ಥ ಕಳೆದುಕೊಳ್ಳದೆ ವರದಿಯನ್ನು ಸೇರಬೇಕು. ಕನ್ನಡದ ವಿದ್ವಾಂಸರು ನಿಘಂಟುಗಳಲ್ಲಿ, ಜಾನಪದ ಸಂಗ್ರಹಗಳಲ್ಲಿ ಕೂಡಿಟ್ಟ ಇಂಥ ಪದಗಳು ಭಾಷಾಶಾಸ್ತ್ರದ ಸಾಮಗ್ರಿ ಮಾತ್ರವಲ್ಲ. ಯೋಜನಾ ಸಮಿತಿಯ ಮೇಜಿನ ಮೇಲೂ ಅವುಗಳಿಗೆ ಸ್ಥಾನವಿದೆ. ಅವನ್ನು ಅಲ್ಲಿಗೆ ತಲುಪಿಸುವುದು ಕನ್ನಡ ಅಧ್ಯಯನ ಕೈಗೊಳ್ಳಬೇಕಾದ ಕೆಲಸಗಳಲ್ಲೊಂದು.