ಬೆಲೆ ಕಟ್ಟುವ ಬಗೆ

ಸಂಖ್ಯೆಗಳಿಗೂ ಒಂದು ಮಿತಿಯುಂಟು. ಅದನ್ನು ಮೀರಿದ ಮೇಲೆ ಅವು ಲೆಕ್ಕವಾಗಿ ಉಳಿಯದೆ ಪುರಾಣದ ಪರಿಮಾಣಗಳಾಗಿಬಿಡುವುವು. ಕೃತಕ ಬುದ್ಧಿಯ ಯಂತ್ರಗಳನ್ನು ರಚಿಸುವ ಓಪನ್‌ಎಐ ಎಂಬ ಅಮೆರಿಕದ ಸಂಸ್ಥೆಗೆ 2024ರ ಅಕ್ಟೋಬರಿನಲ್ಲಿ 15,700 ಕೋಟಿ ಡಾಲರುಗಳ ಬೆಲೆ ಕಟ್ಟಿದರು. ಮರುವರುಷ ಅದೇ ತಿಂಗಳಿನಲ್ಲಿ ಅದು 50,000 ಕೋಟಿಯಾಯಿತು. ಆ ಹೊತ್ತಿಗೂ ಸಂಸ್ಥೆಯು ಲಾಭದ ಮುಖವನ್ನು ಕಂಡಿರಲಿಲ್ಲ. ಅದರ ಎದುರಾಳಿಯಾದ ಆಂತ್ರೊಪಿಕ್ ಸಂಸ್ಥೆಯ ಬೆಲೆ 2025ರ ಮಾರ್ಚಿನಿಂದ ಸೆಪ್ಟೆಂಬರಿನೊಳಗೆ ಹೆಚ್ಚುಕಡಿಮೆ ಮೂರು ಮಡಿಯಾಯಿತು. ನಮ್ಮ ಬೆಂಗಳೂರಿನ ಕೃತ್ರಿಮ್ ಸಂಸ್ಥೆಯೂ 2024ರ ಜನವರಿಯಲ್ಲಿ 100 ಕೋಟಿ ಡಾಲರಿನವರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡಿತು. ಸಂಸ್ಕೃತದಲ್ಲಿ ಆ ಹೆಸರು ನಿರ್ದೋಷವಾದುದೇ; ಕನ್ನಡದಲ್ಲಿ ಅದಕ್ಕೆ ಕಪಟವೆಂಬ ಅರ್ಥವೂ ಅಂಟಿಕೊಂಡಿರುವುದನ್ನು ಹೆಸರಿಟ್ಟವರು ಗಮನಿಸಲಿಲ್ಲವೇನೋ!

ಶಿವಮೊಗ್ಗೆಯ ಅಡಕೆ ಮಂಡಿಯನ್ನು ಬಲ್ಲವರಿಗೆ ಈ ಬೆಲೆಯ ಮರ್ಮವು ತೀರ ಅಪರಿಚಿತವಲ್ಲ. ರಾಶಿ ಅಡಕೆಯ ನಾಲ್ಕು ಮೂಟೆ ಒಂದು ದಿನ ಎತ್ತರದ ದರಕ್ಕೆ ಹೋಯಿತೆನ್ನಿ. ಆ ಸಂಜೆಯೇ ತೀರ್ಥಹಳ್ಳಿಯಿಂದ ಸಾಗರದವರೆಗೆ ಪ್ರತಿಯೊಬ್ಬ ಬೆಳೆಗಾರನೂ ತನ್ನ ಅಟ್ಟದ ದಾಸ್ತಾನನ್ನೆಲ್ಲ ಆ ದರದಿಂದ ಗುಣಿಸಿ ಧನಿಕನಾಗುತ್ತಾನೆ. ಎಲ್ಲರೂ ಒಂದೇ ದಿನ ಮಂಡಿಗೆ ತಂದು ಸುರಿದರೆ ಆ ದರ ನಿಲ್ಲುವುದೆ ಎಂದು ಯಾರೂ ಕೇಳುವುದಿಲ್ಲ. ಓಪನ್‌ಎಐನ 50,000 ಕೋಟಿಯೂ ಹೀಗೆಯೇ ಹುಟ್ಟಿದುದು. ಆಗ ನಿಜವಾಗಿ ಕೈಬದಲಾದ ಷೇರುಗಳು ಸುಮಾರು 660 ಕೋಟಿ ಡಾಲರಿನವು, ಎಂದರೆ ನೂರಕ್ಕೆ ಒಂದೂಕಾಲಿಗಿಂತ ತುಸು ಹೆಚ್ಚು, ಉಳಿದುದೆಲ್ಲ ಗುಣಾಕಾರ. ಇನ್ನೂ ಒಂದು ವಿನೋದವುಂಟು. ಈ ಯಂತ್ರಗಳಿಗೆ ಬೇಕಾದ ಚಿಪ್ಪುಗಳನ್ನು ಮಾರುವ ಎನ್‌ವಿಡಿಯ ಕಂಪೆನಿಯು ತನ್ನ ಗಿರಾಕಿಯಾದ ಓಪನ್‌ಎಐನಲ್ಲಿ 10,000 ಕೋಟಿ ಡಾಲರಿನವರೆಗೆ ಹೂಡುವುದಾಗಿ 2025ರ ಸೆಪ್ಟೆಂಬರಿನಲ್ಲಿ ಸಾರಿತು. ಮಂಡಿಯ ಸಾಹುಕಾರನು ಬೆಳೆಗಾರನಿಗೆ ಮುಂಗಡ ಕೊಟ್ಟು, ಆ ಹಣದಿಂದ ತನ್ನ ಅಂಗಡಿಯ ಗೊಬ್ಬರವನ್ನೇ ಕೊಳ್ಳಿಸಿದರೆ ವ್ಯಾಪಾರ ಭರದಿಂದ ನಡೆದಂತೆ ಕಾಣುವುದಷ್ಟೆ. ಆದರೆ ದರ ಇಳಿಯುವ ದಿನವೂ ಬರುತ್ತದೆ. 2025ರ ಜನವರಿ 27ರಂದು, ಚೀನದ ಡೀಪ್‌ಸೀಕ್ ಅಲ್ಪ ವೆಚ್ಚದಲ್ಲಿ ಅಂತಹುದೇ ಯಂತ್ರವನ್ನು ಮಾಡಿತೆಂಬ ಸುದ್ದಿಗೆ ಎನ್‌ವಿಡಿಯದ ಬೆಲೆಯಲ್ಲಿ ಸುಮಾರು 59,000 ಕೋಟಿ ಡಾಲರು ಒಂದೇ ಹಗಲಿನಲ್ಲಿ ಕರಗಿಹೋಯಿತು. ಕಾರ್ಖಾನೆಯ ಒಂದು ಇಟ್ಟಿಗೆಯೂ ಅಲುಗಿರಲಿಲ್ಲ.

ಇತ್ತ ಭದ್ರಾವತಿಯನ್ನು ನೋಡಿ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆ ಮೊದಲಾಗಿ, 1923ರಲ್ಲಿ ಮಲೆನಾಡಿನ ಕಾಡುಮರದ ಇದ್ದಲಿನಿಂದ ಕೆಮ್ಮಣ್ಣುಗುಂಡಿಯ ಅದಿರು ಕರಗಿತು. ಆ ಹೊತ್ತಿಗೆ ಮಹಾಯುದ್ಧ ಮುಗಿದು ಬೀಡುಕಬ್ಬಿಣದ ದರ ಕುಸಿದಿತ್ತು. ನಷ್ಟದ ಮೇಲೆ ನಷ್ಟ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಬಂದು, ವರ್ಷಗಟ್ಟಲೆ ವೆಚ್ಚವನ್ನು ಕತ್ತರಿಸಿ ಅದನ್ನು ನಿಲ್ಲಿಸಿದರು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿತು. ಪ್ರಾಧಿಕಾರವು 2019ರಲ್ಲಿ ಅದನ್ನು ಮಾರಲು ಅರ್ಜಿಗಳನ್ನು ಕರೆಯಿತು. ಕೊಳ್ಳುವವರ ಆಸಕ್ತಿ ಸಾಲದೆಂದು 2022ರಲ್ಲಿ ಮಾರಾಟವನ್ನೇ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ನಿರ್ಣಯವಾಯಿತು. ಕಾರ್ಮಿಕರು ಬೀದಿಯಲ್ಲಿ ಕುಳಿತರು. ಭೂಮಿ, ನೀರು, ಕುಲುಮೆ, ಕೆಲಸ ಬಲ್ಲ ಕೈಗಳು, ಇಷ್ಟಿದ್ದುದಕ್ಕೆ ಬೆಲೆ ಹೇಳುವವರಿಲ್ಲ. ಲಾಭವೇ ಕಾಣದುದಕ್ಕೆ 50,000 ಕೋಟಿ ಡಾಲರು.

ಈ ವಿಚಾರವು ನನಗೆ ಬರಿಯ ವಾರ್ತೆಯಾಗಿ ಉಳಿಯಲಿಲ್ಲ. ಆ ಕಾರ್ಖಾನೆಯಲ್ಲಿ ಮೂವತ್ತು ವರುಷ ದುಡಿದು ನಿವೃತ್ತನಾದ ನನ್ನ ತಮ್ಮನ ಮಗನು, ಬೆಂಗಳೂರಿನ ನೌಕರಿಯನ್ನು ಬಿಟ್ಟು, ಯಂತ್ರಕ್ಕೆ ಕನ್ನಡದ ಆಡುಮಾತನ್ನು ಕಲಿಸುವ ಸಂಸ್ಥೆಯೊಂದನ್ನು ಗೆಳೆಯರೊಡನೆ ಕಟ್ಟಹೊರಟಿದ್ದಾನೆ. ಬಂಡವಾಳಕ್ಕೆ ಅವನು ಕೇಳಿದುದು ತಂದೆಯ ನಿವೃತ್ತಿಯ ಹಣವನ್ನು.

“ಅಣ್ಣಾ, ಇವರ ಕಂಪೆನಿಗೆ ಈಗಲೇ ಐದು ಕೋಟಿ ರೂಪಾಯಿ ಬೆಲೆಯಂತೆ. ಕಟ್ಟಿದವರು ಯಾರೋ ಎಂದರೆ ‘ನಾವೇ’ ಎನ್ನುತ್ತಾನೆ” ಎಂದು ತಮ್ಮನು ನನ್ನಲ್ಲಿ ದೂರಿದನು.

ಹುಡುಗನು ನಗಲಿಲ್ಲ. “ದೊಡ್ಡಪ್ಪ, ಭದ್ರಾವತಿಯಲ್ಲಿ ಕಬ್ಬಿಣ ಹರಿಯುವುದಕ್ಕೆ ಮುಂಚೆ ಯಾರೋ ನಂಬಿ ಹಣ ಹಾಕಿದ್ದರಲ್ಲವೆ? ಅವರು ಹಾಕದಿದ್ದರೆ ಅಪ್ಪನಿಗೆ ಸಂಬಳವೆಲ್ಲಿಂದ ಬರುತ್ತಿತ್ತು?” ಎಂದನು.

ಮಾತಿನಲ್ಲಿ ತಿರುಳಿಲ್ಲದೆ ಇಲ್ಲ. ಆದರೆ ಮೈಸೂರು ಸರಕಾರವು ಅಂದು ಹಣವಿಟ್ಟು ಕಾದಿತು. ಕಬ್ಬಿಣ ಹರಿಯುವ ಮೊದಲೇ ಕಬ್ಬಿಣದ ಆಸೆಯನ್ನು ಮತ್ತೊಬ್ಬನಿಗೆ ಹೆಚ್ಚಿನ ದರಕ್ಕೆ ದಾಟಿಸಲಿಲ್ಲ. ಇದನ್ನೇ ನಾನು ಅವನಿಗೆ ಹೇಳಿ, “ನೀನು ನಡೆಸುವುದಕ್ಕೆ ಕಟ್ಟುವೆಯೋ, ಮಾರುವುದಕ್ಕೋ?” ಎಂದು ಕೇಳಿದೆನು. ಇನ್ನೂ ತಿಳಿಯದೆಂದನು. ಆ ಉತ್ತರ ನನಗೆ ಹಿಡಿಸಿತು.

ಮನೆಯ ಮಾಳಿಗೆಗೆಂದು ತೆಗೆದಿರಿಸಿದ್ದ ಹಣವನ್ನು ತಮ್ಮನು ಮಗನಿಗೆ ಕೊಟ್ಟಿದ್ದಾನೆ. ಹೆಂಡತಿಯ ಹೆಸರಿನ ಠೇವಣಿಯನ್ನು ಮುಟ್ಟಿಲ್ಲ. ಐದು ಕೋಟಿಯ ಲೆಕ್ಕದಲ್ಲಿ ಷೇರು ಬರೆದುಕೊಡುವೆನೆಂದು ಹುಡುಗನು ಹೇಳಿದುದಕ್ಕೆ ಅವನು ಒಪ್ಪದೆ, ಕೈಗಡವೆಂದು ಬರೆಯಿಸಿಕೊಂಡನು. ಬಡ್ಡಿಯ ಜಾಗವನ್ನು ಖಾಲಿ ಬಿಟ್ಟಿದ್ದಾನೆ.