ಕಾಲು ಮಿಲಿಮೀಟರ್ ಜಾಗ

ಪಿಸ್ಟನ್ ರಿಂಗ್ ಅಂದ್ರೆ ಒಂದು ಕಡೆ ಸೀಳಿದ ಬಳೆ. ಆ ಸೀಳಿನಲ್ಲೇ ಇಂಜಿನ್ನಿನ ಆಯುಷ್ಯ ಇದೆ ನೋಡಿ.

ಅಪ್ಪನ ಮಾರುತಿ 800 ಹೊಗೆ ಉಗುಳ್ತಿತ್ತು. ಗುಜರಿಗೆ ಹಾಕೋಣ ಅಂದ್ರು ಎಲ್ಲರೂ, ಅಪ್ಪ ಮಾತ್ರ ಸುಮ್ಮನಿದ್ರು. ನಾನು ಇಂಜಿನ್ ಬಿಚ್ಚಿಸಿದೆ.

ಮೇಸ್ತ್ರಿ ಹೊಸ ರಿಂಗನ್ನು ಮೊದಲು ಬರೀ ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಸಂದಿಗೆ ಫೀಲರ್ ಗೇಜ್ ತೂರಿಸಿದರು. 68.5 ಮಿ.ಮೀ. ಬೋರಿಗೆ ಕಾಲು ಮಿ.ಮೀ. ಆಸುಪಾಸು ಬೇಕು. ಒಂದರಲ್ಲಿ ಕಡಿಮೆ ಇತ್ತು.

"ಬಿಸಿಗೆ ಹಿಗ್ಗಿ ತುದಿಗಳು ಗುದ್ದಾಡಿದ್ರೆ ಬೋರೇ ಗೀರಿ ಹೋಗುತ್ತೆ ಸಾರ್. ಜಾಸ್ತಿಯಾದ್ರೆ ಗ್ಯಾಸ್ ಸೋರುತ್ತೆ."

ಸಣ್ಣ ಅರದಿಂದ ಹೊರಗಿನಿಂದ ಒಳಕ್ಕೇ ಉಜ್ಜಿ, ಅಳೆದು, ಮತ್ತೆ ಉಜ್ಜಿದರು. ಸಂದಿಗಳು ಒಂದೇ ಸಾಲಿಗೆ ಬಾರದಂತೆ ತಿರುಗಿಸಿ ಕೂರಿಸಿದರು.

ಮೊದಮೊದಲು ಮೆಲ್ಲಗೆ ಓಡಿಸಬೇಕಂತೆ. ಅಪ್ಪ ಯಾವತ್ತೂ ಐವತ್ತು ದಾಟಿದವರೇ ಅಲ್ಲ :-)